ಬಾವಿ ತಳ ಕಂಡಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂದು ಎಕರೆ ತೋಟ, 550 ಅಡಿಕೆ ಮರ. ಮಾರ್ಚ್‌ನಲ್ಲೇ ಬಾವಿ ತಳ ಕಾಣುತ್ತಿದೆ, ದಿನಕ್ಕೆ ಐದು ಸಾವಿರ ಲೀಟರ್ ಸಿಕ್ಕರೆ ಹೆಚ್ಚು. ಎಲ್ಲ ಮರಕ್ಕೂ ದಿನಾ ಸ್ವಲ್ಪ ಸ್ವಲ್ಪ ಬಿಡಬಹುದೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಬೇಡ. ಹನಿ ನೀರಾವರಿಯಲ್ಲಿ ಬೇಸಿಗೆಗೆ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 16ರಂತೆ ಹಿಡಿದರೂ ನಿಮಗೆ 8,800 ಲೀಟರ್ ಆಗಬೇಕು. ಇರುವುದನ್ನೇ ಎಲ್ಲಕ್ಕೂ ಹಂಚಿದರೆ ತಲಾ ಒಂಬತ್ತು ಲೀಟರ್. ಮೇಲ್ಮಣ್ಣು ನೆನೆದು ಸಂಜೆಯೊಳಗೆ ಆರುತ್ತದೆ, ಬೇರಿಗೆ ಇಳಿಯುವುದಿಲ್ಲ. ತೋಟವನ್ನು ಎರಡು ಪಾಲು ಮಾಡಿ, ದಿನ ಬಿಟ್ಟು ದಿನ 275 ಮರಕ್ಕೆ 18 ಲೀಟರ್‌ನಂತೆ, ಬಿಸಿಲು ಇಳಿದ ಮೇಲೆ ಬಿಡಿ. ಸ್ಪ್ರಿಂಕ್ಲರ್ ಈ ವರ್ಷ ಮುಟ್ಟಲೇಬೇಡಿ.

ಬೆಟ್ಟದ ದರಕು (ಉದುರಿದ ಒಣ ಎಲೆ) ತಂದು ಬುಡದ ಸುತ್ತ ಅರ್ಧ ಅಡಿ ದಪ್ಪ ಮುಚ್ಚಿ, ಪೈಪು ಮುಚ್ಚಿಗೆಯ ಅಡಿಯಲ್ಲಿರಲಿ. ಹೆಚ್ಚಿನವರು ಸೋಲುವುದು ಇಲ್ಲೇ: ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಹನಿ ಬಿಡುವ ಡ್ರಿಪ್ಪರ್ ಬಾಯಲ್ಲಿ ಕಂದು ಲೋಳೆ ಕಟ್ಟುತ್ತದೆ. ಮೇಲೆ ದರಕು ಇರುವುದರಿಂದ ಗೊತ್ತೇ ಆಗುವುದಿಲ್ಲ, ಮರ ಬಾಡಿದ ಮೇಲೆ ತಿಳಿಯುತ್ತದೆ. ವಾರಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ನೀರು ಹಾಯಿಸಿ. ಅಲ್ಲಲ್ಲಿ ಪಾತ್ರೆ ಹಿಡಿದು ನೋಡಿ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಕಾಲು ಗಂಟೆಯಲ್ಲಿ ಒಂದು ಲೀಟರ್ ತುಂಬಬೇಕು. ಪಡುವಣ ಬಿಸಿಲು ಬೀಳುವ ಅಂಚಿನ ಮರಗಳ ಕಾಂಡಕ್ಕೆ ಸುಣ್ಣ ಬಳಿಯಿರಿ. ಒಮ್ಮೆ ಸುಟ್ಟ ಕಾಂಡ ಸೀಳಿ, ಗಾಳಿಗೆ ಅಲ್ಲೇ ಮುರಿಯುತ್ತದೆ.

ಈಗ ಬಿಟ್ಟಿರುವ ಸಿಂಗಾರವೇ (ಅಡಿಕೆ ಹೂಗೊಂಚಲು) ಮುಂದಿನ ಕೊನೆ, ಅಂದರೆ ಅಡಿಕೆ ಗೊನೆ. ನೀರು ಸಾಲದೆ ಮಿಳ್ಳೆ (ಎಳೆಗಾಯಿ) ಉದುರಿದರೆ ನಷ್ಟ ಕಾಣುವುದು ಬರುವ ಕೊಯ್ಲಿನಲ್ಲಿ. ಬಳಲಿದ ಮರ ಹಳೆಯ ಫಸಲಿಗೆ ಮರಳಲು ಎರಡು ಮೂರು ವರ್ಷ ಬೇಕು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ, ಅಡಿಕೆ ಸುಲಿಯುವ ಹೆಂಗಸರಿಗೆ ಅಷ್ಟೂ ಕಾಲ ಕೆಲಸ ಕಡಿಮೆ. ಆದ್ದರಿಂದ ಸೊಸೈಟಿ ಸಾಲದ ಕಂತನ್ನು ಈ ವರ್ಷದ ಅಡಿಕೆ ನೋಡಿ ಒಪ್ಪಿಕೊಳ್ಳಬೇಡಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತರ ಪಾಲು ವಿಮಾ ಮೊತ್ತದ ಶೇ. 5. ಪರಿಹಾರ ನಿರ್ಧಾರವಾಗುವುದು ಮಳೆಮಾಪನದ ಲೆಕ್ಕದಿಂದ, ನಿಮ್ಮ ತೋಟ ನೋಡಿ ಅಲ್ಲ.

ಪ್ರಶ್ನೆ: ಗಣೇಶಗುಡಿ ಹತ್ತಿರ ಹೋಮ್‌ಸ್ಟೇ ಇದೆ. ಮಳೆ ಕಡಿಮೆಯಾದರೆ ರಾಫ್ಟಿಂಗ್ ಇರುತ್ತದೆಯೇ?
– ಓದುಗರು, ಜೋಯಿಡಾ

ಉತ್ತರ: ಅಲ್ಲಿ ಕಾಳಿ ನದಿ ಹರಿಯುವುದು ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ಬಿಟ್ಟ ನೀರಿನಿಂದ. ಬೇಸಿಗೆಯಲ್ಲೂ ರಾಫ್ಟ್ ತೇಲುವುದು ಅದರಿಂದಲೇ. ಜಲಾಶಯ ತುಂಬದ ವರ್ಷ ನೀರು ಬಿಡುವ ಹೊತ್ತು ಕಡಿಮೆಯಾಗುತ್ತದೆ. ಹಾಗಾಗಿ ರಾಫ್ಟಿಂಗ್ ಖಚಿತವೆಂದು ಹೇಳಿ ಮುಂಗಡ ಪಡೆಯಬೇಡಿ. ಕೋಣೆಯ ಬಾಡಿಗೆ, ರಾಫ್ಟಿಂಗ್ ಹಣ ಬೇರೆ ಬೇರೆ ಇರಲಿ. ಅಣೆಕಟ್ಟೆಯಿಲ್ಲದ ಅಘನಾಶಿನಿ ನದಿಯ ಉಂಚಳ್ಳಿಯಂಥ ಜಲಪಾತವನ್ನೂ ಬೇಸಿಗೆಯ ಅತಿಥಿಗಳಿಗೆ ಹೇಳಿ ಕರೆಯಬೇಡಿ, ಮಳೆಗಾಲ ಮುಗಿದಂತೆ ಅದು ಸೊರಗುತ್ತದೆ. ಹಕ್ಕಿ ನೋಡುವವರಿಗೆ ಮಾತ್ರ ಒಣ ತಿಂಗಳೇ ಚೆನ್ನ. ಹಕ್ಕಿಗಳು ನೀರಿಗೆ ಬರುವಂತೆ ಮರದ ನೆರಳಲ್ಲಿ ಎರಡು ಮೂರು ಇಂಚು ಆಳದ ಅಗಲ ತೊಟ್ಟಿ ಇಟ್ಟು, ಒಳಗೊಂದು ಒರಟು ಕಲ್ಲು ಹಾಕಿ. ದಿನಾ ಬೆಳಿಗ್ಗೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆಮರಿ ಆಗುತ್ತದೆ.