ನಾಣ್ಯ ಮೇಳಕ್ಕೆ ಹೊರಟವರ ಪ್ರಶ್ನೆಗಳು

ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಮೇಳಗಳ ಬಗ್ಗೆ ಓದುಗರು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಮೊದಲ ಸಲ ಮೇಳಕ್ಕೆ ಹೋಗುತ್ತಿದ್ದೇನೆ. ಐದು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಜೊತೆಗೆ ಏನೇನು ಒಯ್ಯಬೇಕು, ಯಾವ ಹೊತ್ತಿಗೆ ಹೋದರೆ ಒಳ್ಳೆಯದು?
— ಓದುಗರು, ದಾವಣಗೆರೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ ಜೇಬಿನ ತಕ್ಕಡಿ, ಅಗಲ-ದಪ್ಪ ಅಳೆಯುವ ಪ್ಲಾಸ್ಟಿಕ್ ಕ್ಯಾಲಿಪರ್, ಸಣ್ಣ ಟಾರ್ಚು, ಒಂದು ಚಿಕ್ಕ ಅಯಸ್ಕಾಂತ. ಇಪ್ಪತ್ತು ಪಟ್ಟಿನ ಭೂತಗನ್ನಡಿ ಬೇಡ. ಅದರಲ್ಲಿ ನಾಣ್ಯದ ಒಂದು ಚೂರು ಮಾತ್ರ ಕಾಣುತ್ತದೆ, ಕೈ ಸ್ವಲ್ಪ ನಡುಗಿದರೂ ಬಿಂಬ ಮಸುಕಾಗುತ್ತದೆ. ತಕ್ಕಡಿ ಸರಿಯಿದೆಯೇ ಎಂದು ನೋಡಲು ಸವೆಯದ ಇಪ್ಪತ್ತು ರೂಪಾಯಿ ನಾಣ್ಯ ಇಟ್ಟು ನೋಡಿ, 8.54 ಗ್ರಾಂ ಆಸುಪಾಸು ತೋರಿಸಬೇಕು. ಸಭಾಂಗಣದ ಫ್ಯಾನ್ ಗಾಳಿಗೆ ಅಂಕಿ ಕುಣಿಯುತ್ತದೆ, ಮುಚ್ಚಳವಿರುವ ತಕ್ಕಡಿಯೇ ಆಗಲಿ.

ಇವೆಲ್ಲಕ್ಕಿಂತ ಮುಖ್ಯ ನಿಮ್ಮಲ್ಲಿ ಈಗಾಗಲೇ ಇರುವ ನಾಣ್ಯಗಳ ಪಟ್ಟಿ. ಇಸವಿಯ ಪಕ್ಕದಲ್ಲಿ ಟಂಕಸಾಲೆಯ ಗುರುತನ್ನೂ ಬರೆದುಕೊಳ್ಳಿ: ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಪಟ್ಟಿ ಇಲ್ಲದೆ ಹೋದವರು ಮನೆಯಲ್ಲಿ ಇದ್ದದ್ದನ್ನೇ ಮತ್ತೆ ತರುತ್ತಾರೆ.

ಅಪರೂಪದ್ದು ಬೇಕಿದ್ದರೆ ಮೊದಲ ದಿನ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಚೌಕಾಸಿ ಮಾಡುವ ಮನಸ್ಸಿದ್ದರೆ ಕೊನೆಯ ದಿನ ಮಧ್ಯಾಹ್ನದ ಮೇಲೆ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ಒಂದೇ ನಾಣ್ಯಕ್ಕೆ ಎರಡು ಮೇಜುಗಳ ನಡುವೆ ಎಷ್ಟು ಅಂತರವಿದೆ ಎಂಬುದು ಆಗಲೇ ತಿಳಿಯುತ್ತದೆ. ಬಿಲ್ಲಿನಲ್ಲಿ ರಾಜನ ಹೆಸರು, ಇಸವಿ, ಟಂಕಸಾಲೆ, ತೂಕ, ‘ನಕಲಿಯಾದರೆ ವಾಪಸು’ ಎಂಬ ಮಾತು ಇಷ್ಟೂ ಇರಬೇಕು. ಬರೆದುಕೊಡಲು ಒಪ್ಪದವರ ಮೇಜಿನಿಂದ ಮುಂದೆ ನಡೆಯಿರಿ. ಇನ್ನೊಂದು ಮಾತು: ವ್ಯಾಪಾರಿಯ ಅನುಮತಿಯಿಲ್ಲದೆ ಹೋಲ್ಡರ್ ಬಿಚ್ಚಬೇಡಿ. ಬಿಚ್ಚಿದ ನಾಣ್ಯವನ್ನು ಹೆಬ್ಬೆರಳು-ತೋರುಬೆರಳ ನಡುವೆ ಅಂಚಿನಲ್ಲಿ ಹಿಡಿದು, ಟ್ರೇಯ ಮೇಲೆಯೇ ನೋಡಿ. ಅದರ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಹನಿ ಬಿದ್ದ ಕಡೆ ಕೆಲವು ತಿಂಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ.

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗಳಲ್ಲಿ ನಕಲಿ ಬಹಳವಂತೆ. 1911 ಮತ್ತು 1939ರ ರೂಪಾಯಿ ಕೊಳ್ಳಬೇಕೆಂದಿದ್ದೇನೆ. ಪರೀಕ್ಷಿಸುವ ಕ್ರಮ ವಿವರವಾಗಿ ತಿಳಿಸಿ.
— ಓದುಗರು, ಹುಬ್ಬಳ್ಳಿ

ಮೊದಲು ತೂಕ. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಸಾವಿರಕ್ಕೆ 917 ಪಾಲು. ಅರ್ಧ ರೂಪಾಯಿ 5.83, ಕಾಲು ರೂಪಾಯಿ 2.92, ಎರಡಾಣೆ 1.46 ಗ್ರಾಂ. ಚಲಾವಣೆಯಲ್ಲಿ ಸವೆದ ರೂಪಾಯಿ 11.4ಕ್ಕೆ ಇಳಿದಿರಬಹುದು, ಅದು ಸಹಜ. ನೋಡಬೇಕಾದ್ದು ಸವೆತಕ್ಕೂ ತೂಕಕ್ಕೂ ತಾಳೆಯಾಗುತ್ತದೆಯೇ ಎಂಬುದು. ವಿಕ್ಟೋರಿಯಾ ರಾಣಿಯ ಕೂದಲ ಎಳೆಗಳು ಚೂಪಾಗಿ ಎದ್ದು ಕಾಣುತ್ತಿದ್ದು ತೂಕ 11 ಗ್ರಾಂ ಬಂದರೆ ಲೋಹವೇ ಬೇರೆ.

ಆಮೇಲೆ ಅಂಚು. ಕೊಳ್ಳುವವರಲ್ಲಿ ಹೆಚ್ಚಿನವರು ಎರಡು ಮುಖ ನೋಡಿ ಸುಮ್ಮನಾಗುತ್ತಾರೆ, ನಕಲಿ ಮಾಡುವವನು ಸೋಲುವುದು ಅಂಚಿನಲ್ಲೇ. ಅಚ್ಚೊತ್ತಿದ ನಾಣ್ಯದ ಅಂಚಿನ ಗೀರುಗಳು ಸಮ ಅಂತರದಲ್ಲಿ, ಒಂದೇ ಆಳದಲ್ಲಿ ಸುತ್ತುತ್ತವೆ. ಎರಕ ಹೊಯ್ದದ್ದರಲ್ಲಿ ಎಲ್ಲೋ ಒಂದು ಕಡೆ ಎರಡು ಅರ್ಧಗಳು ಕೂಡಿದ ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು ಸಿಗುತ್ತದೆ. ಮುಖದ ಬಯಲಿನಲ್ಲಿ ಸೂಜಿಮೊನೆಯಂಥ ಗುಳಿಗಳಿದ್ದು ಅಕ್ಷರಗಳ ಬುಡ ದುಂಡಗಾಗಿದ್ದರೆ ಅದೂ ಎರಕದ ಲಕ್ಷಣ.

ಅಯಸ್ಕಾಂತ ಬೆಳ್ಳಿಗೆ ಅಂಟುವುದಿಲ್ಲ. ಆದರೆ ತಾಮ್ರ, ಸೀಸಕ್ಕೂ ಅಂಟುವುದಿಲ್ಲವಾದ್ದರಿಂದ ಈ ಪರೀಕ್ಷೆ ಕಬ್ಬಿಣದ ನಕಲಿಯನ್ನಷ್ಟೇ ಹಿಡಿಯುತ್ತದೆ. 1947ರ ಹುಲಿಯ ಚಿತ್ರದ ರೂಪಾಯಿ ಅಂಟಿಕೊಂಡರೆ ಗಾಬರಿ ಬೇಡ, ಅದು ನಿಕ್ಕಲ್ಲಿನದೇ.

ಕೊನೆಯ ಪರೀಕ್ಷೆ ಮನೆಯಲ್ಲಿ, ವಾಪಸು ಕೊಡುವ ಅವಧಿಯೊಳಗೆ. ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ನೈಲಾನ್ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಕಾಣುವ ಅಂಕಿ, ಘನ ಸೆಂಟಿಮೀಟರಿನಲ್ಲಿ, ನಾಣ್ಯದ ಗಾತ್ರ. 11.66 ಗ್ರಾಮಿನ 917 ಬೆಳ್ಳಿಗೆ ಅದು 1.13 ಬರಬೇಕು. 1940ರಿಂದ 45ರವರೆಗಿನ ಅರೆಬೆಳ್ಳಿ ರೂಪಾಯಿಗೆ 1.22ರ ಸುತ್ತ. 1.30 ದಾಟಿದರೆ ಜರ್ಮನ್ ಸಿಲ್ವರಿನಂಥ ತಾಮ್ರದ ಮಿಶ್ರಲೋಹ. ಸವೆದ ನಾಣ್ಯವಾದರೆ ಅದರ ತೂಕವನ್ನು ಈ ಅಂಕಿಯಿಂದ ಭಾಗಿಸಿ, 10.3ರ ಸಮೀಪ ಬಂದರೆ ಬೆಳ್ಳಿ ಸರಿಯಿದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡರೆ ಅಂಕಿ ಹೆಚ್ಚಾಗಿ ಅಸಲಿಯೂ ನಕಲಿಯಂತೆ ತೋರುತ್ತದೆ. ಒಮ್ಮೆ ಎತ್ತಿ ಮತ್ತೆ ಮುಳುಗಿಸಿ, ಮೂರು ಸಲ ಅಳೆಯಿರಿ. ಇದು ಲೋಹವನ್ನಷ್ಟೇ ಹೇಳುತ್ತದೆ. ಒಳ್ಳೆಯ ಬೆಳ್ಳಿಯಲ್ಲೇ ನಕಲಿ ಮಾಡಿದ್ದರೆ ಮತ್ತೆ ಭೂತಗನ್ನಡಿಗೇ ಮರಳಬೇಕು.

1911ರ ರೂಪಾಯಿಗೆ ಹಂದಿ ರೂಪಾಯಿ ಎಂಬ ಹೆಸರು ಬಂದದ್ದು ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಆನೆಯಿಂದ. ಸೊಂಡಿಲು ಮೋಟಾಗಿ ಹಂದಿಯಂತೆ ಕಂಡು ಜನ ಆಕ್ಷೇಪಿಸಿದರು. ಬಿಡುಗಡೆಯಾಗದೆ ಉಳಿದ ದೊಡ್ಡ ಪಾಲನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿದರು. ಹಾಗಾಗಿ 1911 ಎಂದಿದ್ದು ಆನೆ ತಿದ್ದಿದ ರೂಪದ್ದಾಗಿದ್ದರೆ ಇಸವಿಯ ಮೇಲೆ ಕೈಯಾಡಿಸಿದ್ದಾರೆ ಎಂದೇ ಅರ್ಥ. ಹತ್ತಾರು ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು ಈ ಎರಡು ಆನೆಗಳನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಲು ಮೇಳಕ್ಕಿಂತ ಒಳ್ಳೆಯ ಜಾಗವಿಲ್ಲ.

1939 ಅಪಾಯದ ಇಸವಿ. ಅಸಲಿ ಬಹಳ ವಿರಳ, 1938ರದ್ದು ಬೇಕಾದಷ್ಟು ಸಿಗುತ್ತದೆ, 8ನ್ನು 9 ಮಾಡುವುದು ಕಷ್ಟವಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಕೊನೆಯ ಅಂಕಿಯ ಸುತ್ತಲಿನ ಬಯಲು ನೋಡಿ: ಕೆರೆದಿದ್ದರೆ ಅಲ್ಲಿ ಮಟ್ಟ ತಗ್ಗಿರುತ್ತದೆ, ಹೊಳಪು ಬೇರೆ ಇರುತ್ತದೆ. ಮೊದಲ 9ಕ್ಕೂ ಕೊನೆಯ 9ಕ್ಕೂ ದಪ್ಪ ಹೊಂದಬೇಕು. ಅಂಚಿನ ಗೀರುಗಳ ನಡುವೆ ಭದ್ರತೆಯ ಕಾಲುವೆ ಕೊರೆದಿದ್ದರೆ ಅದು 1940 ಅಥವಾ ಆಮೇಲಿನ ನಾಣ್ಯ. ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಒಂದೇ. ಈ ಇಸವಿಯನ್ನು ನಾಣ್ಯ ಪರೀಕ್ಷಿಸಿ ಪ್ರಮಾಣೀಕರಿಸುವ ಎನ್‌ಜಿಸಿ, ಪಿಸಿಜಿಎಸ್‌ನಂಥ ಸಂಸ್ಥೆಯ ಮುದ್ರೆಯ ಡಬ್ಬಿಯಲ್ಲಿ ಮಾತ್ರ ಕೊಳ್ಳಿ, ಡಬ್ಬಿಯ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಅಲ್ಲೇ ನಿಂತು ಹುಡುಕಿ, ಅಲ್ಲಿನ ಚಿತ್ರದ ಜೊತೆ ಹೋಲಿಸಿ. ಡಬ್ಬಿಗಳಲ್ಲೂ ನಕಲಿ ಇವೆ.

ಟಿಪ್ಪುವಿನ ಆನೆ ಕಾಸು ಮೇಳದಲ್ಲಿ ರಾಶಿ ರಾಶಿ ಇರುತ್ತದೆ. ಪರ್ಷಿಯನ್ ಬಾರದವರು ಇವನ್ನು ಗುರುತಿಸುವುದು ಹೇಗೆ?
— ಓದುಗರು, ಶ್ರೀರಂಗಪಟ್ಟಣ

ಆನೆ ಇದ್ದ ಮಾತ್ರಕ್ಕೆ ಟಿಪ್ಪುವಿನದಲ್ಲ. ಆನೆಯ ಮೇಲೆ ಕನ್ನಡದ ‘ಶ್ರೀ’ ಇದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಈ ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಟಿಪ್ಪುವಿನ ಹೆಸರಲ್ಲೇ ಮಾರುವುದುಂಟು.

ಟಿಪ್ಪುವಿನ ತಾಮ್ರದ ನಾಣ್ಯಗಳಿಗೆ ಗ್ರಹ-ತಾರೆಗಳ ಹೆಸರು: ಒಂದು ಪೈಸೆ ಜೊಹ್ರಾ, ಅರ್ಧ ಬಹ್ರಾಮ್, ಕಾಲು ಅಖ್ತರ್, ಅರೆಕಾಲು ಕುತುಬ್. ಎರಡು ಪೈಸೆಯದು ಮೊದಲು ಉಸ್ಮಾನಿ, ಆಮೇಲೆ ಮುಷ್ತರಿ. ಪೈಸೆ ಸುಮಾರು 11 ಗ್ರಾಂ, ಎರಡು ಪೈಸೆ ಅದರ ಇಮ್ಮಡಿ.

ಇಸವಿ ಓದಲು ಅಂಕಿಗಳಷ್ಟೇ ಸಾಕು, ಒಂದು ಸಂಜೆಯಲ್ಲಿ ಕಲಿಯಬಹುದು. ಟಿಪ್ಪು ಮೊದಲು ಬಳಸಿದ್ದು ಹಿಜರಿ ಶಕೆ, ಅಂಕಿಗಳು ಎಡದಿಂದ ಬಲಕ್ಕೆ. ಆಮೇಲೆ ಮೌಲೂದಿ ಶಕೆ ತಂದ. ಅದರ 1215 ಎಂದರೆ ಸುಮಾರು 1787. ಅಲ್ಲಿಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅಂದರೆ 1217 ಎಂಬುದು ನಮ್ಮ ಕಣ್ಣಿಗೆ 7121 ಎಂದು ಕಾಣುತ್ತದೆ. ಎಡದಿಂದ ಓದುವಾಗ ಕೊನೆಗೆ 2, 1 ಬಂದರೆ ಮೌಲೂದಿ, ಮೊದಲಿಗೇ 11 ಅಥವಾ 120 ಬಂದರೆ ಹಿಜರಿ. ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಚೆಂದದ ಇಸವಿ 1221. ಹಿಜರಿ 1221ರ ಹೊತ್ತಿಗೆ ಟಿಪ್ಪು ಇರಲಿಲ್ಲ, ಆದ್ದರಿಂದ ಅದು ಮೌಲೂದಿಯೇ, ಸುಮಾರು 1793.

ಟಂಕಸಾಲೆಯ ಹೆಸರು ಹಿಂಬದಿಯಲ್ಲಿರುತ್ತದೆ. ಪಟ್ಟಣದ್ದು, ಅಂದರೆ ಶ್ರೀರಂಗಪಟ್ಟಣದ್ದು, ಹೆಚ್ಚು ಸಿಗುತ್ತದೆ, ನಗರದ್ದೂ, ಅಂದರೆ ಬಿದನೂರಿನದೂ, ಕಷ್ಟವಲ್ಲ. ಚಿತ್ರದುರ್ಗಕ್ಕೆ ಟಿಪ್ಪು ಇಟ್ಟ ಹೆಸರು ಫರುಖ್‌ಯಾಬ್ ಹಿಸಾರ್, ಆಂಧ್ರದ ಗುತ್ತಿ ಎಂಬ ಊರಿಗೆ ಫೈಜ್ ಹಿಸಾರ್. ಈ ಹೆಸರುಗಳ ಅಕ್ಷರ ರೂಪವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೋಲಿಸಿ. ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿ ಊರಿನ ಹೆಸರು ಹೊರಗೆ ಬಿದ್ದುಹೋಗಿದ್ದರೆ ಕಡಿಮೆಗೆ ಸಿಕ್ಕಿತೆಂದು ಕೊಳ್ಳಬೇಡಿ. ಊರೂ ಇಸವಿಯೂ ಪೂರ್ತಿ ಉಳಿದ ಒಂದು ನಾಣ್ಯ, ಅವಿಲ್ಲದ ಐದಕ್ಕಿಂತ ಮೇಲು.

ಓದುವ ಸುಖ ಬೇಕೆಂದರೆ ಕನ್ನಡದಲ್ಲೇ ‘ಮಯಿಲಿ ಕಾಸು’ ಎಂದು ಬರೆದಿರುವ ಮುಮ್ಮಡಿಯವರ ತಾಮ್ರದ ನಾಣ್ಯಗಳಿಂದ ಶುರುಮಾಡಿ. ವಿಷ್ಣುವರ್ಧನನ ‘ಶ್ರೀ ತಲಕಾಡುಗೊಂಡ’ ಚಿನ್ನದ ನಾಣ್ಯ ಗಾಜಿನೊಳಗೆ ಇಟ್ಟಿದ್ದರೆ ತಪ್ಪದೆ ನೋಡಿ ಬನ್ನಿ. ಅಷ್ಟು ಚಿಕ್ಕ ಜಾಗದಲ್ಲಿ ಹಳಗನ್ನಡದ ಲಿಪಿಯನ್ನು ಕೆತ್ತಿದ ಕೈಚಳಕ ಚಿತ್ರದಲ್ಲಿ ತಿಳಿಯುವುದಿಲ್ಲ. ‘ಕಂಠೀರವ ಹಣ’ ಎಂಬ ಪುಟ್ಟ ನಾಣ್ಯವನ್ನು ಮಾತ್ರ ಮೊದಲ ಮೇಳದಲ್ಲೇ ಕೊಳ್ಳಬೇಡಿ. ಅರ್ಧ ಗ್ರಾಮೂ ತೂಗದ ಚಿನ್ನದ ಚೂರಿನಲ್ಲಿ ಮೇಲೆ ಹೇಳಿದ ನೀರಿನ ಪರೀಕ್ಷೆ ನಡೆಯದು.

ಆಲ್ಬಮ್ಮಿನಲ್ಲಿಟ್ಟ ತಾಮ್ರದ ನಾಣ್ಯಗಳ ಮೇಲೆ ಹಸಿರು ಅಂಟು ಬಂದಿದೆ. ಹುಣಸೆಹುಳಿ ಹಾಕಿ ತೊಳೆಯಬಹುದೇ?
— ಓದುಗರು, ಉಡುಪಿ

ಬೇಡ. ಹುಣಸೆ, ನಿಂಬೆ, ಪಾತ್ರೆ ಬೆಳಗುವ ಪುಡಿ, ಟೂತ್‌ಪೇಸ್ಟ್ ಇವೆಲ್ಲ ಲೋಹದ ಮೇಲ್ಪದರವನ್ನೇ ಕಿತ್ತು ತೆಗೆಯುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓಲಾಡಿಸಿದಾಗ ಬೆಳಕಿನ ಪಟ್ಟಿ ಚಕ್ರದಂತೆ ಸುತ್ತುತ್ತದಲ್ಲ, ಅದು ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೂಡಿದ ಸೂಕ್ಷ್ಮ ಗೆರೆಗಳಿಂದ. ಉಜ್ಜಿದರೆ ಅವು ಹೋಗುತ್ತವೆ, ಮತ್ತೆ ಬರುವುದಿಲ್ಲ. ಮೇಳದಲ್ಲಿ ಪಳಪಳ ಹೊಳೆಯುವ ವಿಕ್ಟೋರಿಯಾ ರೂಪಾಯಿಯಲ್ಲಿ ಒಂದೇ ದಿಕ್ಕಿನ ಕೂದಲೆಳೆ ಗೀರುಗಳು ಕಂಡರೆ ಉಜ್ಜಿದ್ದಾರೆ ಎಂದು ತಿಳಿಯಿರಿ.

ನಿಮ್ಮ ಅಂಟು ಬಂದದ್ದು ಬಹುಶಃ ಮೆತ್ತನೆಯ ಪಿವಿಸಿ ಹಾಳೆಯಿಂದ. ಹಾಳೆಯನ್ನು ಮೆದು ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ಸೆಕೆಗೆ ಒಸರುತ್ತದೆ, ಪ್ಲಾಸ್ಟಿಕ್ ಹಳತಾದಂತೆ ಆಮ್ಲವನ್ನೂ ಬಿಡುತ್ತದೆ. ಶುದ್ಧ ಅಸಿಟೋನನ್ನು ಗಾಜಿನ ಬಟ್ಟಲಲ್ಲಿ ಹಾಕಿ ಹತ್ತು ನಿಮಿಷ ನೆನೆಸಿ, ಉಜ್ಜದೆ ಎತ್ತಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ತಾನಾಗಿ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಬೆರೆತಿರುವುದರಿಂದ ಅದು ಆಗದು. ಕಿಟಕಿ ತೆರೆದಿರಲಿ, ಒಲೆಯೂ ದೇವರ ದೀಪವೂ ಹತ್ತಿರ ಇರಬಾರದು. ಅಂಟಿನ ಬದಲು ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನ ರೋಗ, ಉಪ್ಪುಗಾಳಿಯ ಊರಿನಲ್ಲಿ ಬೇಗ ಬರುತ್ತದೆ. ಅಂಥದ್ದನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ ಒಣ ಜಾಗದಲ್ಲಿಡಿ.

ಮುಂದೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಪೊರೆಯ ರಟ್ಟಿನ ಹೋಲ್ಡರುಗಳನ್ನು ಬಳಸಿ, ಅವಕ್ಕೆ ಹೊಡೆದ ಪಿನ್ನಿನ ತುದಿಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಬೆಳ್ಳಿಯ ಹತ್ತಿರ ರಬ್ಬರ್ ಬ್ಯಾಂಡ್ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ನಮ್ಮ ಮನೆಯಲ್ಲಿ 1818ರ ಈಸ್ಟ್ ಇಂಡಿಯಾ ಕಂಪನಿಯ ಹನುಮಂತನ ನಾಣ್ಯವಿದೆ. ಅಕ್ಕಿ ಎಳೆಯುವ ಶಕ್ತಿಯಿದ್ದರೆ ಕೋಟಿ ಕೊಡುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ಮೇಳಕ್ಕೆ ತಂದರೆ ಬೆಲೆ ಹೇಳುವರೇ?
— ಓದುಗರು, ಕೋಲಾರ

ದಯವಿಟ್ಟು ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹನುಮಂತ, ರಾಮದರ್ಬಾರ್, ಓಂ, ಕಮಲ ಇರುವ ‘1818 ಅರ್ಧ ಆಣೆ’ಯನ್ನು ಕಂಪನಿ ಎಂದೂ ಅಚ್ಚು ಹಾಕಿಸಿಲ್ಲ. ಅವು ಇತ್ತೀಚಿನ ಬಿಲ್ಲೆಗಳು. ‘ರೈಸ್ ಪುಲ್ಲರ್’ ಎಂಬುದು ನಮ್ಮ ರಾಜ್ಯದಲ್ಲೂ ನೆರೆರಾಜ್ಯಗಳಲ್ಲೂ ಅನೇಕ ಕುಟುಂಬಗಳನ್ನು ಮುಳುಗಿಸಿದ ವಂಚನೆ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಅಡಿಯಲ್ಲಿ ಅಯಸ್ಕಾಂತ ಅಡಗಿಸಿ ಕಾಳು ಚಲಿಸುವಂತೆ ತೋರಿಸುತ್ತಾರೆ. ಆಮೇಲೆ ‘ವಿಜ್ಞಾನಿಯ ಪರೀಕ್ಷೆ’ಗೆ, ‘ವಿಶೇಷ ಉಡುಗೆ’ಗೆ ಎಂದು ನಿಮ್ಮಿಂದಲೇ ಮುಂಗಡ ಕೀಳುತ್ತಾರೆ. ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.

ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷ ಕೊಡುವ ಜಾಹೀರಾತೂ ಇದೇ ಜಾತಿಯದು. 2012ರ ಆ ನಾಣ್ಯ ಚಲಾವಣೆಗೆ ಬಂದದ್ದೇ, ಅಪರೂಪದ್ದಲ್ಲ. ಹಳೆಯ ನಾಣ್ಯ-ನೋಟು ಮಾರಿಸಿಕೊಡಲು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಊರಿಗೆ ಬಂದಾಗ ಮೇಳದಲ್ಲಿ ಕೊಂಡ ನಾಣ್ಯಗಳನ್ನು ಅಮೆರಿಕಕ್ಕೆ ಒಯ್ಯಬಹುದೇ?
— ಓದುಗರು, ನ್ಯೂಜೆರ್ಸಿ

ನೂರು ವರ್ಷ ತುಂಬಿದ್ದರೆ ಆಗದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅದು ಪ್ರಾಚ್ಯವಸ್ತು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ವರಹ, ಕಾಸು ಮಾತ್ರವಲ್ಲ, 1911ರ ರೂಪಾಯಿಯೂ ಈ ಗೆರೆ ದಾಟಿದೆ. ಗೆರೆ ವರ್ಷವರ್ಷವೂ ಮುಂದೆ ಸರಿಯುತ್ತದೆ. ಬಿಲ್ಲು ಇದ್ದರೂ ವಿಮಾನ ನಿಲ್ದಾಣದಲ್ಲಿ ಅದು ರಕ್ಷಣೆಯಾಗದು. ಹೊಸ ಕಾಲದ ನಾಣ್ಯಗಳ ಬಗ್ಗೆ ಸಂದೇಹ ಬರಬಹುದೆನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಮೊದಲೇ ಪಡೆಯಿರಿ.

ಮೇಳದ ಜೊತೆ ನಡೆಯುವ ಹರಾಜಿನಲ್ಲಿ ಕೂಗಿದ ಬೆಲೆಗಿಂತ ಹೆಚ್ಚು ಕಟ್ಟಬೇಕಾಗುತ್ತದಂತೆ, ಹೌದೇ?
— ಓದುಗರು, ಮೈಸೂರು

ಹೌದು. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ಅದರ ಮೇಲೆ ಜಿಎಸ್‌ಟಿ ಸೇರುತ್ತವೆ, ದರಗಳು ಕ್ಯಾಟಲಾಗಿನ ನಿಯಮಗಳ ಪುಟದಲ್ಲಿರುತ್ತವೆ. ಎರಡೂ ಸೇರಿ ಶೇಕಡ 20 ಎಂದಿಟ್ಟುಕೊಂಡರೆ, ನಿಮ್ಮ ಮಿತಿ 12,000 ರೂಪಾಯಿಯಾದಾಗ 10,000ಕ್ಕೆ ಕೈ ಇಳಿಸಬೇಕು. ಆ ಅಂಕಿಯನ್ನು ಕ್ಯಾಟಲಾಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಮೊದಲೇ ಬರೆದಿಡಿ. ಹರಾಜಿಗೆ ಮುನ್ನ ನಾಣ್ಯಗಳನ್ನು ಕೈಗೆ ಕೊಟ್ಟು ತೋರಿಸುವ ಸಮಯವಿರುತ್ತದೆ, ತಕ್ಕಡಿ, ಭೂತಗನ್ನಡಿ ಹಿಡಿದು ಆಗಲೇ ಹೋಗಿ. ಕ್ಯಾಟಲಾಗಿನ ಚಿತ್ರದಲ್ಲಿ ಅಂಚು ಕಾಣುವುದಿಲ್ಲ.