ಒಂದೇ ವೈರಸ್, ಅಣ್ಣನಿಗೊಂದು ಥರ, ತಂಗಿಗೊಂದು ಥರ

ಲಿವರ್ ಬಗ್ಗೆ ಈ ಸಲ ಬಂದ ಪತ್ರಗಳೆಲ್ಲ ಹಾಸನ, ಚಿಕ್ಕಮಗಳೂರು ಕಡೆಯವೇ. ಹೆಚ್ಚಿನವರು ಸುತ್ತಿ ಬಳಸಿ ಕೇಳಿದ್ದು ಒಂದೇ: ಇದು ವಂಶದಲ್ಲಿ ಬರುತ್ತಾ? ಅದಕ್ಕೇ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ನಮ್ಮಮ್ಮನಿಗೆ ಹೆಪಟೈಟಿಸ್ ಬಿ ಇತ್ತು ಅಂತ ಗೊತ್ತಾಗಿದ್ದೇ ಅಣ್ಣ ಹಾಸಿಗೆ ಹಿಡಿದ ಮೇಲೆ. ಅವನ ಲಿವರ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಕೊನೆಗೆ ಕ್ಯಾನ್ಸರ್ ಗಡ್ಡೆ ಅಂದರು. 49ಕ್ಕೇ ಹೋದ. ನನಗೂ ಅದೇ ವೈರಸ್ ಇದೆ, ಆದರೆ ಏನೂ ತೊಂದರೆ ಇಲ್ಲ. ಅತ್ತೆ ನೆಲನೆಲ್ಲಿ ಅರೆದು ಕೊಡುತ್ತಾರೆ. ಊರಲ್ಲಿ 'ಅವರ ವಂಶದ ಕಾಯಿಲೆ' ಅಂತ ಮಾತಾಡುತ್ತಾರೆ. ನನಗೂ ಹಾಗೇ ಆಗುತ್ತಾ? 16 ವರ್ಷದ ಮಗಳ ಕಥೆ ಏನು?
– ಹೆಸರು ಬೇಡ, ಸಕಲೇಶಪುರ ತಾಲೂಕು

ಉತ್ತರ: ಅಮ್ಮನಿಂದ ನಿಮಗೆ ಬಂದಿದ್ದು ವೈರಸ್. ಹೆರಿಗೆ ಹೊತ್ತಲ್ಲಿ ತಾಯಿಯ ರಕ್ತದಿಂದ ಕೂಸಿಗೆ ಅಂಟುತ್ತದೆ. ಹಾಗೆ ಅಂಟಿದ ಹತ್ತು ಕೂಸುಗಳಲ್ಲಿ ಒಂಬತ್ತರಲ್ಲಿ ಅದು ಉಳಿದೇಬಿಡುತ್ತದೆ. ಅದೇ ವೈರಸ್ ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ 95 ಜನರ ಮೈ ತಾನೇ ಓಡಿಸುತ್ತದೆ. ಅಂದರೆ ಇಲ್ಲಿ ಮೊದಲ ಲೆಕ್ಕ ಯಾವ ವಯಸ್ಸಲ್ಲಿ ಬಂತು ಅನ್ನುವುದು, ಯಾರ ವಂಶ ಅನ್ನುವುದಲ್ಲ.

ಊರಿನವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಈ ವೈರಸ್ಸನ್ನು ಕಂಡುಹಿಡಿದ ಅಮೆರಿಕದ ಬರೂಕ್ ಬ್ಲೂಂಬರ್ಗ್ ಕೂಡ ಮೊದಲು ಹಾಗೇ ಅಂದುಕೊಂಡಿದ್ದರು. 1960ರ ದಶಕದಲ್ಲಿ ಅವರು ಹುಡುಕುತ್ತಿದ್ದದ್ದು ವಂಶದಿಂದ ಬರುವ ರಕ್ತದ ವ್ಯತ್ಯಾಸಗಳನ್ನು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸದೊಂದು ಪ್ರೋಟೀನ್ ಸಿಕ್ಕಿತು, ಅದು ಕೆಲವು ಮನೆತನಗಳಲ್ಲೇ ಗುಂಪಾಗಿ ಕಾಣುತ್ತಿತ್ತು, ಸರಿ, ವಂಶಗುಣ ಇರಬೇಕು ಅಂದುಕೊಂಡರು. ಆಮೇಲೆ ನೋಡಿದರೆ ಅದು ವೈರಸ್ಸಿನ ಹೊರಪದರ. 1976ರಲ್ಲಿ ಅವರಿಗೆ ನೊಬೆಲ್ ಬಂತು. ಜುಲೈ 28, ಅವರು ಹುಟ್ಟಿದ ದಿನ, ಈಗ ವಿಶ್ವ ಹೆಪಟೈಟಿಸ್ ದಿನ. ಇದೇ ಬ್ಲೂಂಬರ್ಗ್ 1988ರಲ್ಲಿ ಚೆನ್ನೈನ ವಿಜ್ಞಾನಿಗಳ ಜೊತೆ ಸೇರಿ ನೆಲನೆಲ್ಲಿಯಿಂದ ಈ ವೈರಸ್ ಹೋಗುತ್ತದೆ ಅನ್ನುವ ವರದಿಯನ್ನೂ ಬರೆದರು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಅತ್ತೆಯವರ ಪ್ರೀತಿ ದೊಡ್ಡದು, ಆದರೆ ನೆಲನೆಲ್ಲಿಯನ್ನು ನಂಬಿಕೊಂಡು ಪರೀಕ್ಷೆ ಬಿಡಬೇಡಿ.

ಈಗ ಅಣ್ಣ ತಂಗಿ ವಿಷಯ. ವೈರಸ್ ಹೊರಗಿನದಾದರೂ ಅದರ ಜೊತೆ ಗುದ್ದಾಡುವ ಮೈ ಹುಟ್ಟಿನಿಂದ ಬಂದದ್ದು. 'ಇದು ಪರಕೀಯ' ಅಂತ ರಕ್ತದ ಕಣಗಳಿಗೆ ತೋರಿಸಿಕೊಡುವ ಎಚ್‌ಎಲ್‌ಎ ಅನ್ನುವ ಜೀನ್‌ಗಳ ಗುಂಪು ನಮ್ಮ 6ನೇ ಕ್ರೋಮೋಸೋಮಿನಲ್ಲಿದೆ. ಅದರಲ್ಲೇ ಎಚ್‌ಎಲ್‌ಎ-ಡಿಪಿ ಅನ್ನುವ ಭಾಗ ಯಾವ ಥರದ್ದು ಅನ್ನುವುದರ ಮೇಲೆ ಹೆಪಟೈಟಿಸ್ ಬಿ ಉಳಿಯುವ ಸಂಭವ ಹೆಚ್ಚು ಕಡಿಮೆ ಆಗುತ್ತದೆ ಅಂತ 2009ರಲ್ಲಿ ಜಪಾನಿನವರು ತೋರಿಸಿದರು. ಒಂದೇ ತಾಯಿ ತಂದೆಯ ಇಬ್ಬರು ಮಕ್ಕಳಿಗೆ ಈ ಗುಂಪು ಪೂರ್ತಿ ಒಂದೇ ಥರ ಬರುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಒಡಹುಟ್ಟಿದವರು ಅಂದ ಮಾತ್ರಕ್ಕೆ ಇಬ್ಬರ ಲಿವರ್ ಒಂದೇ ದಾರಿ ಹಿಡಿಯಬೇಕಿಲ್ಲ.

ಜೀನ್ ಒಂದೇ ಅಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ಈ ಕಾಯಿಲೆ ಸಿರೋಸಿಸ್‌ಗೆ (ಲಿವರ್ ನಾರುಗಟ್ಟಿ ಗಟ್ಟಿಯಾಗುವುದು), ಕ್ಯಾನ್ಸರಿಗೆ ತಿರುಗುವುದು ಜಾಸ್ತಿ. ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವುದು ಇನ್ನೂ ಮುಖ್ಯ, 2006ರಲ್ಲಿ ತೈವಾನಿನ ದೊಡ್ಡ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಣ್ಣ ಕುಡಿಯುತ್ತಿದ್ದರಾ, ಸಕ್ಕರೆ ಕಾಯಿಲೆ ಇತ್ತಾ ಅಂತ ನೀವು ಬರೆದಿಲ್ಲ. ಇದ್ದಿದ್ದರೆ ಅವೂ ಸೇರಿಕೊಂಡಿರುತ್ತವೆ.

ಆದರೆ ಒಂದು ಮಾತು ಒತ್ತಿ ಹೇಳುತ್ತೇನೆ. 'ನನಗೇನೂ ತೊಂದರೆ ಇಲ್ಲ' ಅಂತ ಸುಮ್ನೆ ಕೂರಬೇಡಿ. ಲಿವರ್ ಕೊನೆಯವರೆಗೂ ನೋಯುವುದಿಲ್ಲ. ಹೆಪಟೈಟಿಸ್ ಬಿಯಲ್ಲಿ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರಬಹುದು, ಒಡಹುಟ್ಟಿದವರಿಗೆ ಬಂದಿದ್ದರೆ ನಿಮಗೆ ಅಪಾಯ ಸ್ವಲ್ಪ ಜಾಸ್ತಿಯೇ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್, ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಿ. ಎಚ್‌ಬಿವಿ ಡಿಎನ್‌ಎ, ಅಂದರೆ ರಕ್ತದಲ್ಲಿ ವೈರಸ್, ಎಷ್ಟಿದೆ ನೋಡಿಸಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ನಿಯಮ ಬದಲಿಸಿ, ಮನೆಯಲ್ಲಿ ಲಿವರ್ ಕ್ಯಾನ್ಸರ್ ಅಥವಾ ಸಿರೋಸಿಸ್ ಆಗಿದ್ದರೆ ಅದನ್ನೂ ಔಷಧ ಶುರು ಮಾಡಲು ಒಂದು ಕಾರಣ ಅಂತ ಸೇರಿಸಿದೆ. ಹಾಗಾಗಿ ಡಾಕ್ಟರ ಎದುರು ಕೂತಾಗ ಅಣ್ಣನ ವಿಷಯವನ್ನೇ ಮೊದಲು ಹೇಳಿ. ದಿನಕ್ಕೊಂದು ಟೆನೋಫೋವಿರ್ ಮಾತ್ರೆ ವೈರಸ್ಸನ್ನು ಪೂರ್ತಿ ಕಿತ್ತು ಹಾಕುವುದಿಲ್ಲ, ಆದರೆ ಅಡಗಿಸಿ ಇಡುತ್ತದೆ. ಲಿವರಿಗೆ ಅದು ದೊಡ್ಡ ರಕ್ಷಣೆ.

ಮಗಳಿಗೆ ಈ ವಾರವೇ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ, ವೈರಸ್ ಇದೆಯಾ ಇಲ್ಲವಾ ಅದರಲ್ಲಿ ಗೊತ್ತಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಪಟ್ಟಿಯಲ್ಲಿ ದೇಶಕ್ಕೆಲ್ಲ ಬಂದಿದ್ದು 2011ರಲ್ಲಿ, ಅವಳು ಹುಟ್ಟಿದ್ದು ಅದಕ್ಕೂ ಮುಂಚೆಯಾಗಿದ್ದರೆ ತಪ್ಪಿ ಹೋಗಿರಬಹುದು. ಹಳೇ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ.

ಪ್ರಶ್ನೆ: ನನಗೂ ನನ್ನ ಗೆಳೆಯನಿಗೂ ಹೆಪಟೈಟಿಸ್ ಸಿ ಇತ್ತು. ಅವನಿಗೆ ಔಷಧವೇ ಇಲ್ಲದೆ ತಾನಾಗಿ ಹೋಯ್ತು. ನಾನು 12 ವಾರ ಮಾತ್ರೆ ತಗೊಂಡೆ, ವೈರಸ್ ಹೋಗಿದೆ ಅಂದರು. ಆದರೆ ಫೈಬ್ರೋಸ್ಕ್ಯಾನಿನಲ್ಲಿ ಲಿವರ್ ಇನ್ನೂ ಗಟ್ಟಿ, ಕೊಬ್ಬೂ ಇದೆಯಂತೆ. ತೂಕ 88 ಕೆ.ಜಿ. ಸಂಜೆ ಸ್ವಲ್ಪ ತಗೊಳ್ಳೋ ಅಭ್ಯಾಸ ಇದೆ. ಲ್ಯಾಬಿನವರೊಬ್ಬರು ಜೀನ್ ಟೆಸ್ಟ್ ಪ್ಯಾಕೇಜ್ ಮಾಡಿಸಿ ಅಂತಿದ್ದಾರೆ. ಮಾಡಿಸಲಾ?
– ಓದುಗ, ಮೂಡಿಗೆರೆ

ಉತ್ತರ: ಐರ್ಲೆಂಡಿನ ಒಂದು ಘಟನೆ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1977-78ರಲ್ಲಿ ಅಲ್ಲಿ ನೆಗೆಟಿವ್ ರಕ್ತದ ಗುಂಪಿನ ಬಾಣಂತಿಯರಿಗೆ ಕೊಟ್ಟ ಆಂಟಿ-ಡಿ ಇಂಜೆಕ್ಷನ್ನಿನಲ್ಲಿ ಹೆಪಟೈಟಿಸ್ ಸಿ ಸೇರಿಹೋಗಿತ್ತು. ಏನೂ ತಪ್ಪು ಮಾಡದ ಆ ಹೆಣ್ಣುಮಕ್ಕಳಿಗೆ ಅದು ಗೊತ್ತಾಗಿದ್ದು ವರ್ಷಗಳು ಕಳೆದ ಮೇಲೆ. ಮೂಲ ಒಂದೇ, ವೈರಸ್ಸೂ ಒಂದೇ, ಎಲ್ಲರೂ ಹರೆಯದವರು. ಸುಮಾರು 17 ವರ್ಷದ ನಂತರ ನೋಡಿದಾಗ, ಸೋಂಕಿನ ಗುರುತಿದ್ದ 704 ಜನರಲ್ಲಿ 390 ಮಂದಿಯ ರಕ್ತದಲ್ಲಿ ಮಾತ್ರ ವೈರಸ್ ಉಳಿದಿತ್ತು. ಮಿಕ್ಕವರ ಮೈ ಅದನ್ನು ಹೊರಹಾಕಿತ್ತು, ನಿಮ್ಮ ಗೆಳೆಯನ ಥರ. ಉಳಿದವರ ಲಿವರಿನ ಚೂರು ತೆಗೆದು ನೋಡಿದರೆ ಅರ್ಧದಷ್ಟು ಜನರಲ್ಲಿ ನಾರುಗಟ್ಟಿತ್ತು, ಸಿರೋಸಿಸ್ ಆಗಿದ್ದು ನೂರಕ್ಕೆ ಇಬ್ಬರಿಗೆ. ಸಮಾಧಾನದ ಲೆಕ್ಕವೇ, ಆದರೆ ಅವರು ಹರೆಯದ ಆರೋಗ್ಯವಂತ ಹೆಂಗಸರು ಅನ್ನುವುದನ್ನು ಮರೆಯಬೇಡಿ.

ಈ ವ್ಯತ್ಯಾಸ ಎಲ್ಲಿಂದ ಬಂತು? ಒಂದು ಪಾಲು ಎಚ್‌ಎಲ್‌ಎಯಿಂದ. ಆ ಹೆಂಗಸರಲ್ಲಿ ಎಚ್‌ಎಲ್‌ಎ-ಬಿ27 ಅನ್ನುವ ರೂಪ ಇದ್ದವರು ವೈರಸ್ಸನ್ನು ಓಡಿಸಿದ್ದು ಜಾಸ್ತಿ. ಬೆನ್ನುಮೂಳೆ ಬಿಗಿದುಕೊಳ್ಳುವ ಕಾಯಿಲೆಗೆ ಕುಖ್ಯಾತವಾದ ಅದೇ ಬಿ27, ಇಲ್ಲಿ ಕಾಪಾಡಿದೆ! ಇನ್ನೊಂದು ಪಾಲು 19ನೇ ಕ್ರೋಮೋಸೋಮಿನಲ್ಲಿ, ಆಗ ಐಎಲ್28ಬಿ ಅನ್ನುತ್ತಿದ್ದ, ಈಗ ಐಎಫ್‌ಎನ್‌ಎಲ್3 ಅನ್ನುವ ಜೀನಿನ ಹತ್ತಿರ ಸಿಕ್ಕಿತು. 2009ರಲ್ಲಿ ಬೇರೆ ಬೇರೆ ದೇಶದವರು ಅದೇ ವರ್ಷ ಅದೇ ಜಾಗಕ್ಕೆ ಬೆರಳಿಟ್ಟರು. ಅಲ್ಲಿ ಒಳ್ಳೆಯ ರೂಪ ಇದ್ದವರಲ್ಲಿ ವೈರಸ್ ತಾನಾಗಿ ಹೋಗುವುದೂ ಜಾಸ್ತಿ, ಆಗಿನ ಇಂಟರ್‌ಫೆರಾನ್ ಇಂಜೆಕ್ಷನ್ ಹಿಡಿಯುವುದೂ ಜಾಸ್ತಿ. ತಿಂಗಳುಗಟ್ಟಲೆ ಜ್ವರ, ಸುಸ್ತು ತರುತ್ತಿದ್ದ ಚಿಕಿತ್ಸೆ ಅದು, ಹಾಗಾಗಿ ಆ ಪರೀಕ್ಷೆಗೆ ಆಗ ನಿಜವಾದ ಬೆಲೆ ಇತ್ತು. 2013ರಲ್ಲಿ ಸೊಫೋಸ್ಬುವಿರ್ ಅನ್ನುವ ಮಾತ್ರೆ ಬಂತು. ಈಗಿನ ಮಾತ್ರೆಗಳಿಂದ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ, ಜೀನ್ ಯಾವುದೇ ಇರಲಿ. ನೀವು ಗುಣವಾಗಿದ್ದೀರಿ. ಹೋದ ವೈರಸ್ಸಿಗೆ ಯಾಕೆ ಆ ಟೆಸ್ಟ್?

ನಿಮಗೆ ಈಗ ಲೆಕ್ಕಕ್ಕೆ ಬರುವುದು ಬೇರೆ ಜೀನ್, ಪಿಎನ್‌ಪಿಎಲ್‌ಎ3. ಅಮೆರಿಕದ ಡಲ್ಲಾಸ್‌ನವರು 2008ರಲ್ಲಿ ಪತ್ತೆ ಮಾಡಿದರು. ಅದರ ಒಂದು ರೂಪ ಇದ್ದವರ ಲಿವರಿನಿಂದ ಕೊಬ್ಬು ಸುಲಭಕ್ಕೆ ಕರಗುವುದಿಲ್ಲ. ಕೊಬ್ಬು ಮಾತ್ರ ಅಲ್ಲ, ಕುಡಿತದಿಂದ ಆಗುವ ಸಿರೋಸಿಸ್, ಹೆಪಟೈಟಿಸ್ ಸಿಯಿಂದ ಆಗುವ ನಾರುಗಟ್ಟುವಿಕೆ, ಎರಡನ್ನೂ ಅದು ಜೋರು ಮಾಡುತ್ತದೆ. ಆದರೆ ಗಮನಿಸಿ, ತೆಳ್ಳಗಿರುವವರಲ್ಲಿ ಈ ಜೀನಿನ ಆಟ ಕಡಿಮೆ. ತೂಕ ಏರಿದ ಹಾಗೆ ಅದರ ಪ್ರಭಾವವೂ ಏರುತ್ತದೆ. ಗದ್ದೆಯಲ್ಲಿ ಕಳೆ ಬೀಜ ಇದ್ದರೂ ನೀರು ಗೊಬ್ಬರ ಸಿಕ್ಕಿದಾಗಲೇ ಅಲ್ವಾ ಅದು ಮೇಲೇಳುವುದು?

ಆ ರೂಪ ಇದೆ ಅಂತ ಬಂದರೂ, ಇಲ್ಲ ಅಂತ ಬಂದರೂ ನಾನು ಹೇಳುವುದು ಒಂದೇ: ಕುಡಿತ ಪೂರ್ತಿ ಬಿಡಿ, 'ಸ್ವಲ್ಪ'ವೂ ಬೇಡ. ತೂಕ ಎಂಟು ಕೆ.ಜಿ.ಯಾದರೂ ಇಳಿಸಿ. ಪ್ಯಾಕೇಜಿನ ದುಡ್ಡು ಉಳಿಸಿಕೊಳ್ಳಿ. ಫೈಬ್ರೋಸ್ಕ್ಯಾನ್ ವರದಿಯಲ್ಲಿ ಸಿರೋಸಿಸ್ ಹಂತ ಅಂತ ಇದ್ದರೆ ವೈರಸ್ ಹೋದಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸುವ ಹಾಗಿಲ್ಲ. ಇನ್ನೂ ಒಂದು, ಒಮ್ಮೆ ಗುಣವಾದವರಿಗೆ ಹೆಪಟೈಟಿಸ್ ಸಿ ಮತ್ತೆ ಬರಬಹುದು, ಅದಕ್ಕೆ ಲಸಿಕೆ ಇಲ್ಲ. ಕ್ಷೌರಕ್ಕೆ ಹೊಸ ಬ್ಲೇಡ್ ಕೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ಲಿವರ್ ತೊಂದರೆ ಇದ್ದವರು ಕಾಫಿ ಬಿಡಬೇಕಂತೆ, ಹೌದಾ? ಪಿತ್ತ ಅಂತಾರೆ ನಮ್ಮ ಕಡೆ.
– ಕಾಫಿ ಬೆಳೆಗಾರರ ಮನೆಯವರು, ಚಿಕ್ಕಮಗಳೂರು

ಉತ್ತರ: ಬಿಡಬೇಡಿ. ದಿನಾ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಸಿರೋಸಿಸ್, ಲಿವರ್ ಕ್ಯಾನ್ಸರ್ ಕಡಿಮೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ, ಹೆಪಟೈಟಿಸ್ ಸಿ ಇದ್ದವರಲ್ಲೂ. ಇದು ಔಷಧ ಅಲ್ಲ, ಔಷಧದ ಬದಲೂ ಅಲ್ಲ. ಸಕ್ಕರೆ ಮಾತ್ರ ಕಡಿಮೆ ಮಾಡಿ. ಎದೆಯುರಿ ಇದ್ದರೆ ಖಾಲಿ ಹೊಟ್ಟೆಗೆ ಬೇಡ.

ಪ್ರಶ್ನೆ: ಮಗಳಿಗೆ ಗೊತ್ತಾದ ಹುಡುಗನಿಗೆ ಹೆಪಟೈಟಿಸ್ ಬಿ ಇದೆಯಂತೆ. ಅವನೇ ಬಾಯಿಬಿಟ್ಟು ಹೇಳಿದ. ಒಳ್ಳೇ ಹುಡುಗ. ಮುಂದೆ ಮಕ್ಕಳಿಗೆ ವಂಶದಲ್ಲಿ ಬರುತ್ತಾ? ಸಂಬಂಧ ಮುರಿಯಲಾ?
– ತಾಯಿ, ಅರಸೀಕೆರೆ

ಉತ್ತರ: ಮುರಿಯುವ ಕಾರಣ ಇದರಲ್ಲಿಲ್ಲ ತಾಯಿ. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಬರುವುದಿಲ್ಲ. ರಕ್ತದಿಂದ, ಗಂಡ ಹೆಂಡಿರ ಸಂಪರ್ಕದಿಂದ ಬರುತ್ತದೆ, ಅದಕ್ಕೆ ಲಸಿಕೆ ಇದೆ. ಮಗಳಿಗೆ ಮೊದಲು ರಕ್ತಪರೀಕ್ಷೆ ಮಾಡಿಸಿ. ಸೋಂಕು ಇಲ್ಲದಿದ್ದರೆ ಮೂರು ಡೋಸ್ ಲಸಿಕೆ: ಈಗೊಂದು, ತಿಂಗಳಿಗೊಂದು, ಆರನೇ ತಿಂಗಳಿಗೊಂದು. ಕೊನೆಯ ಡೋಸಿನ ನಂತರ ಒಂದೆರಡು ತಿಂಗಳಲ್ಲಿ ಆಂಟಿ-ಎಚ್‌ಬಿಎಸ್ ಅನ್ನುವ ರಕ್ತಪರೀಕ್ಷೆ ಮಾಡಿಸಿ, 10ಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಸಿಕ್ಕಿದೆ ಅಂತ ಅರ್ಥ. ಅಲ್ಲಿಯವರೆಗೆ ಕಾಂಡೋಮ್ ಬಳಸಲಿ. ಹುಟ್ಟುವ ಮಗುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಹುಡುಗನಿಗೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ, 2018ರಿಂದ ನಡೆಯುತ್ತಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿಯೇ ವಿಚಾರಿಸಲಿ.