ಮನೆಯಲ್ಲೇ ಕಟ್ಟುವ ಸೋಲಾರ್ ಏರ್ ಹೀಟರ್‌ಗೆ ಎಷ್ಟು ಡಬ್ಬಿ ಬೇಕು?

ಸೋಡಾ ಡಬ್ಬಿಗಳಿಂದ ಸೋಲಾರ್ ಏರ್ ಹೀಟರ್ ಕಟ್ಟಿದರೆ ಗಾಳಿ ಅತಿ ಹೆಚ್ಚು ಬಿಸಿಯಾಗಲು ಎಷ್ಟು ಡಬ್ಬಿ ಬೇಕೆಂದು ಕೇಳಿದ್ದೀರಿ. ಅಮೆರಿಕದ ಡೆನ್ವರ್‌ನ ನನ್ನ ಮನೆಗೆ ನಾನು ಬಳಸಿದ್ದು 240. ಅವುಗಳ ತಳ ಕತ್ತರಿಸಿ, ಅಂಟಿಸಿ, ಕಪ್ಪು ಬಣ್ಣ ಬಳಿಯಲು ಎರಡು ತಿಂಗಳ ಶನಿವಾರ-ಭಾನುವಾರಗಳು ಹೋದವು. ನಾಲ್ಕಡಿ ಅಗಲ, ಎಂಟಡಿ ಎತ್ತರದ ಪ್ಲೈವುಡ್ ಪೆಟ್ಟಿಗೆಗೆ ಮುಂಭಾಗದಲ್ಲಿ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ದಕ್ಷಿಣದ ಗೋಡೆಗೆ ನಿಲ್ಲಿಸಿದೆ. ಕೆಳಗಿನ ಕಿಂಡಿಯಿಂದ ಕೋಣೆಯ ಗಾಳಿ ಒಳಹೋಗಿ, ಡಬ್ಬಿಗಳ ಕೊಳವೆಗಳಲ್ಲಿ ಬಿಸಿಯಾಗಿ, ಮೇಲಿನ ಕಿಂಡಿಯ ಸಣ್ಣ ಫ್ಯಾನಿನ ಮೂಲಕ ಮರಳಬೇಕು. ಹೊರಗೆ ಹಿಮ ಬಿದ್ದಿದ್ದ ಜನವರಿಯ ಮಧ್ಯಾಹ್ನ ಆ ಕಿಂಡಿಯಲ್ಲಿ 60 ಡಿಗ್ರಿ ಸೆಲ್ಸಿಯಸ್ ಕಂಡಾಗ, ಥರ್ಮಾಮೀಟರಿನ ಚಿತ್ರವನ್ನು ಊರಿನ ಬಂಧುಗಳಿಗೆಲ್ಲ ಕಳುಹಿಸಿದ್ದೆ.

ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಗ್ಯಾಸ್ ಬಿಲ್ ಮಾತ್ರ ಇಳಿಯಲಿಲ್ಲ.

ಕಾರಣವನ್ನು ಕಂಡುಹಿಡಿದವರು ಆ ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದಿದ್ದ ಅಮ್ಮ. ಸಂಜೆ ದೀಪ ಹಚ್ಚಿದ ಮೇಲೆ ಅವರು ಬೆಳಗಿದ ಊದುಬತ್ತಿಯ ಹೊಗೆ ಮೇಲೇರುತ್ತಾ ಹೋಗಿ, ಫ್ಯಾನ್ ನಿಂತಿದ್ದ ಮೇಲಿನ ಕಿಂಡಿಯೊಳಗೆ ನುಸುಳತೊಡಗಿತು. "ಈ ಗಾಳಿ ಉಲ್ಟಾ ಹೋಗ್ತಿದೆಯಲ್ಲೋ" ಎಂದರು. ಕೆಳಗಿನ ಕಿಂಡಿಯ ಮುಂದೆ ಕೈ ಹಿಡಿದರೆ ಬಾವಿಯ ನೀರಿನಷ್ಟು ತಣ್ಣನೆಯ ಗಾಳಿ ಕೋಣೆಗೆ ಸುರಿಯುತ್ತಿತ್ತು.

ಫ್ಯಾನ್ ಎಂದರೆ ನಲ್ಲಿಯಿದ್ದಂತೆ, ಅದನ್ನು ನಿಲ್ಲಿಸಿದರೆ ಗಾಳಿಯೂ ನಿಲ್ಲುತ್ತದೆ ಎಂದುಕೊಂಡಿದ್ದು ನನ್ನ ತಪ್ಪು. ಬಿಸಿ ಗಾಳಿ ಹಗುರ, ತಣ್ಣನೆಯದು ಭಾರ. ಹಗಲಿನಲ್ಲಿ ಫ್ಯಾನ್ ಇಲ್ಲದೆಯೂ ಪೆಟ್ಟಿಗೆಯ ಗಾಳಿ ಮೇಲೇರುವುದು ಇದೇ ಕಾರಣಕ್ಕೆ. ಸೂರ್ಯ ಮುಳುಗಿದ ಮೇಲೆ ಪೆಟ್ಟಿಗೆಯ ಮುಖ ಸ್ವಚ್ಛ ಆಕಾಶಕ್ಕೆ ಶಾಖವನ್ನು ಬಿಟ್ಟುಕೊಟ್ಟು ಬೇಗನೆ ತಣಿಯುತ್ತದೆ. ಒಳಗಿನ ಗಾಳಿ ಭಾರವಾಗಿ ಕುಸಿದು ಕೆಳಗಿನ ಕಿಂಡಿಯಿಂದ ಕೋಣೆಗೆ ಇಳಿಯುತ್ತದೆ, ತೆರವಾದ ಜಾಗಕ್ಕೆ ಕೋಣೆಯ ಬೆಚ್ಚನೆಯ ಗಾಳಿಯನ್ನು ಮೇಲಿನ ಕಿಂಡಿಯಿಂದ ಎಳೆದುಕೊಳ್ಳುತ್ತದೆ. ನಿಂತ ಫ್ಯಾನಿನ ರೆಕ್ಕೆಗಳ ಸಂದಿ ಅದಕ್ಕೆ ಧಾರಾಳವಾಗಿ ಸಾಕು. ಹಗಲಿನಲ್ಲಿ ಬಿಸಿಲಿರುವುದು ಐದಾರು ತಾಸು, ಚಳಿಗಾಲದ ರಾತ್ರಿ ಹದಿನಾಲ್ಕು ತಾಸು. ಅಷ್ಟು ಹೊತ್ತೂ ನನ್ನ ಫರ್ನೇಸ್ ಗೋಡೆಯಾಚೆಯ ಪೆಟ್ಟಿಗೆಯನ್ನು ಕಾಯಿಸುತ್ತಿತ್ತು.

ಪರಿಹಾರಕ್ಕೆ ಬಿಡಿಕಾಸೂ ಬೇಕಾಗಲಿಲ್ಲ. ಕಸದ ಚೀಲದ ತೆಳು ಪ್ಲಾಸ್ಟಿಕ್ ಕತ್ತರಿಸಿ, ಮೇಲಂಚನ್ನಷ್ಟೇ ಅಂಟಿಸಿ, ಎರಡೂ ಕಿಂಡಿಗಳ ಜಾಲರಿಗೆ ಪರದೆಯಂತೆ ತೂಗುಬಿಟ್ಟೆ. ಮೇಲಿನ ಕಿಂಡಿಯ ಪರದೆ ಕೋಣೆಯ ಕಡೆಗಿರಬೇಕು, ಕೆಳಗಿನದು ಪೆಟ್ಟಿಗೆಯ ಕಡೆಗೆ. ಹಾಗಿದ್ದರೆ ಹಗಲಿನ ಗಾಳಿ ಪರದೆಗಳನ್ನು ತಳ್ಳಿ ತೆರೆಯುತ್ತದೆ, ರಾತ್ರಿಯ ಗಾಳಿ ಅವುಗಳನ್ನು ಜಾಲರಿಗೆ ಒತ್ತಿ ಮುಚ್ಚುತ್ತದೆ. ಅದಲುಬದಲು ಮಾಡಿದರೆ ಹಗಲಿನ ದಾರಿಯೇ ಮುಚ್ಚಿಹೋಗುತ್ತದೆ, ಎಚ್ಚರ. ಮುಂದಿನ ತಿಂಗಳು ಬಿಲ್ ಮೊದಲ ಬಾರಿಗೆ ಇಳಿಯಿತು.

ಇನ್ನು, ನೀವು ಕೇಳಿದ "ಅತಿ ಬಿಸಿ ಗಾಳಿ"ಯ ಗುರಿಯೇ ತಪ್ಪೆಂದು ನನ್ನ ಅಭಿಪ್ರಾಯ. ಒಳಗೆ ಬಿಸಿ ಹೆಚ್ಚಿದಷ್ಟೂ ಮುಂಭಾಗದ ಹಾಳೆಯ ಮೂಲಕ ಸೋರಿಹೋಗುವ ಶಾಖವೂ ಹೆಚ್ಚುತ್ತದೆ. ನಾನು ಹೆಮ್ಮೆಪಟ್ಟ ಆ 60 ಡಿಗ್ರಿಯ ಅರ್ಥ, ಫ್ಯಾನ್ ಸಾಲದು ಎಂಬುದಷ್ಟೇ. ಅದೇ ಬಿಸಿಲಿನಲ್ಲಿ ಹೆಚ್ಚು ಗಾಳಿಯನ್ನು 40 ಡಿಗ್ರಿಗೆ ಹಾಯಿಸಿದರೆ ಕೋಣೆಗೆ ಬರುವ ಶಾಖ ಹೆಚ್ಚು. ಇಷ್ಟು ದೊಡ್ಡ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿದರೂ ನಡುಮಧ್ಯಾಹ್ನ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಕಿಲೋವ್ಯಾಟ್, ಅಂದರೆ ಒಂದು ಸಾಮಾನ್ಯ ರೂಮ್ ಹೀಟರಿನಷ್ಟು. ಡಬ್ಬಿಗಳ ಗೋಜೂ ಬೇಡ. ಕಿಟಕಿಗೆ ಹಾಕುವ ಕಪ್ಪು ಸೊಳ್ಳೆಜಾಲರಿಯನ್ನು ಎರಡು ಮೂರು ಪದರ ಬಿಗಿದು ಗಾಳಿ ಅದರ ಮೂಲಕ ಹಾಯುವಂತೆ ಮಾಡಿದರೆ ಒಂದೇ ದಿನದ ಕೆಲಸ.

ನಮ್ಮೂರಿನ ಸ್ನಾನದ ನೀರಿನ ಸೋಲಾರಿನಂತೆ ಇದನ್ನು ಮಾಳಿಗೆಯ ಮೇಲೆ ಓರೆಯಾಗಿ ಮಲಗಿಸಬೇಡಿ. ಡಿಸೆಂಬರ್ ಕೊನೆಯ ನಡುಹಗಲಿನಲ್ಲೂ ಡೆನ್ವರ್‌ನ ಸೂರ್ಯ ದಿಗಂತದಿಂದ ಸುಮಾರು 27 ಡಿಗ್ರಿಗಿಂತ ಮೇಲೇರುವುದಿಲ್ಲವಾದ್ದರಿಂದ ನೆಟ್ಟಗಿನ ಗೋಡೆಯೇ ಸರಿಯಾದ ಜಾಗ, ಎದುರಿನ ನೆಲದ ಹಿಮದಿಂದ ಪ್ರತಿಫಲಿಸುವ ಬೆಳಕೂ ಅದಕ್ಕೆ ದಕ್ಕುತ್ತದೆ.

ಈ ಚಳಿಗಾಲದಲ್ಲೇ ಬಿಲ್ ಇಳಿಯಬೇಕೆಂದಿದ್ದರೆ ಹೀಟರನ್ನು ಮುಂದಿನ ವರ್ಷಕ್ಕೆ ಬಿಡಿ. ಗಾಳಿ ಬೀಸುವ ಸಂಜೆ ಒಂದು ಊದುಬತ್ತಿ ಹಚ್ಚಿಕೊಂಡು ಬಾಗಿಲು, ಕಿಟಕಿ, ಅಟ್ಟದ ಮುಚ್ಚಳಗಳ ಅಂಚಿನಲ್ಲಿ ನಿಧಾನವಾಗಿ ಸುತ್ತಿ, ಹೊಗೆ ಅಲುಗಿದ ಕಡೆಯಲ್ಲೆಲ್ಲ ಬಿರುಕು ಮುಚ್ಚಿ.